ಹೇಳಿದ್ದು ಎರಡು, ಅಂದಾಜು ಆರು

ಫೆಬ್ರವರಿ 3

ಅಕ್ಕಾ,

ಗಾಬರಿಯಾಗಬೇಡ. ಕೈಬರಹ ನನ್ನದೇ, ಆದ್ದರಿಂದ ಬದುಕಿದ್ದೇನೆ ಎಂದು ನಿನಗೆ ಆಗಲೇ ತಿಳಿದಿರುತ್ತದೆ. ಹನ್ನೆರಡು ದಿನದ ಹಿಂದೆ ಒಬ್ಬ ಗಿರಾಕಿಯ ಮನೆಯಲ್ಲಿ ಗೋಡೆ ಗಡಿಯಾರ ನೇತುಹಾಕಲು ಹೋಗಿ ಸ್ಟೂಲಿನಿಂದ ಬಿದ್ದೆ. ಗಡಿಯಾರ ಉಳಿಯಿತು, ಸೊಂಟದ ಮೂಳೆ ಹೋಯಿತು. ನಲವತ್ತು ವರ್ಷದ ಗಡಿಯಾರ ರಿಪೇರಿಯಲ್ಲಿ ಒಂದು ಗಾಜನ್ನೂ ಒಡೆದವನಲ್ಲ ಎಂಬ ಹೆಸರಾದರೂ ಉಳಿಯಿತಲ್ಲ. ಆಪರೇಷನ್ ಮಾಡಿ ಒಳಗೊಂದು ಪ್ಲೇಟು, ನಾಲ್ಕು ಸ್ಕ್ರೂ ಹಾಕಿದ್ದಾರೆ. ಎಷ್ಟು ನಂಬರಿನ ಸ್ಕ್ರೂ ಎಂದು ಕೇಳಿದೆ. ಆಪರೇಷನ್ ಮಾಡಿದ ಡಾಕ್ಟರು ನಕ್ಕು ಮುಂದಿನ ಮಂಚಕ್ಕೆ ಹೋದರು.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ಕಿವಿಗೆ ಕೇಳುವಷ್ಟು ಜೋರಾಗಿ ಕೂಗಿದರೆ ಇಡೀ ವಾರ್ಡು ನಮ್ಮ ಮನೆಯ ಮಾತು ಕೇಳಲು ಎದ್ದು ಕೂರುತ್ತದೆ. ಹೌದು, ನಿನ್ನ ವಾರ್ಡೇ. ಎರಡನೇ ಮಹಡಿಯ ಮೂಳೆ ವಾರ್ಡು, ನೀನು ಮೂವತ್ತೊಂದು ವರ್ಷ ಓಡಾಡಿದ ಉದ್ದನೆಯ ಕೋಣೆ. ನನ್ನದು ಒಂಬತ್ತನೇ ಮಂಚ, ಕಿಟಕಿಯ ಪಕ್ಕ. ಎದುರು ಗೋಡೆಯ ಗಡಿಯಾರ ನಾಲ್ಕು ನಿಮಿಷ ಹಿಂದಿದೆ. ಇಳಿಸಿ ಕೊಡಿ, ಮಲಗಿಕೊಂಡೇ ಸರಿಮಾಡುತ್ತೇನೆ ಎಂದು ಮೂರು ಸಲ ಕೇಳಿದೆ. ಯಾರಿಗೂ ಪುರುಸೊತ್ತಿಲ್ಲ.

ನಿನ್ನ ಕಾಲದಲ್ಲಿ ಇಲ್ಲದ ಒಬ್ಬರು ಇಲ್ಲಿ ಬಂದು ಸೇರಿದ್ದಾರೆ. ಎದೆಮಟ್ಟದ ಎತ್ತರ, ಕೆಳಗೆ ಚಕ್ರ, ಎರಡು ಬಿಳಿ ಕೈ, ಎದೆಯ ಮೇಲೊಂದು ಗಾಜಿನ ಫಲಕ. ರಕ್ತದೊತ್ತಡ ನೋಡುತ್ತದೆ, ಹೊದಿಕೆ ಸರಿಮಾಡುತ್ತದೆ, ಬಟ್ಟಲಿನಲ್ಲಿ ಮಾತ್ರೆ ತಂದುಕೊಡುತ್ತದೆ. ನಾಲ್ಕು ಗಂಟೆಗೊಮ್ಮೆ ಬಂದು "ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ" ಎನ್ನುತ್ತದೆ. ವಾರ್ಡಿನವರು ಅದಕ್ಕೆ 'ಅತ್ತೆ' ಎಂದು ಹೆಸರಿಟ್ಟಿದ್ದಾರೆ. ಬಂದ ಕೂಡಲೇ ವಿಚಾರಣೆ, ನಾವು ಏನು ಹೇಳಿದರೂ ನಂಬಿಕೆಯಿಲ್ಲ, ಹೋಗುವಾಗ ಮಾತ್ರ ಕಾಲಮೇಲಿನ ಹೊದಿಕೆ ಎಳೆದು ಸರಿಮಾಡಿಯೇ ಹೋಗುವುದು. ಬೇರೆ ಹೆಸರು ಹೊಂದುತ್ತಲೇ ಇರಲಿಲ್ಲ.

ಸಂಜೆ ನಾಲ್ಕೂವರೆಗೆ ನಡಿಗೆ ಕಲಿಸುವವರು ಬರುತ್ತಾರೆ. ನಾವು ಅವರನ್ನು ನಡಿಗೆ ಮೇಷ್ಟ್ರು ಎನ್ನುತ್ತೇವೆ. ಮಾರ್ಚ್ ಮುಗಿಯುವುದರೊಳಗೆ ನಾನು ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿದರೆ ಮನೆಗೆ, ಇಲ್ಲದಿದ್ದರೆ ಮೂರನೇ ಮಹಡಿಗೆ ಎಂದಿದ್ದಾರೆ. ಮೂರನೇ ಮಹಡಿ ಎಂದರೆ ಏನೆಂದು ನಿನಗೆ ನಾನು ಹೇಳಬೇಕಿಲ್ಲ. ಅಲ್ಲಿಂದ ಯಾರೂ ನಡೆದುಕೊಂಡು ಇಳಿದಿಲ್ಲವಂತೆ.

ನೋಡಲು ಬರುವವರಿಗೆ ನಾಲ್ಕರಿಂದ ಆರರವರೆಗೆ ಬಿಡುತ್ತಾರೆ. ನನಗೆ ಜನಕ್ಕೇನೂ ಬರವಿಲ್ಲ. ಎದುರಂಗಡಿಯ ಔಷಧಿಯವನು ಬರುತ್ತಾನೆ, ಹಳೆಯ ಗಿರಾಕಿಗಳು ಬರುತ್ತಾರೆ, ಒಂದೊಂದು ದಿನ ಕುರ್ಚಿಯೇ ಸಾಲುವುದಿಲ್ಲ. ನೀನು ಬರಬೇಕೆಂದೇನಿಲ್ಲ. ಎರಡು ದಿನದ ರೈಲು, ಸುಮ್ಮನೆ ಯಾಕೆ ತೊಂದರೆ.

ನಿನ್ನ ತಮ್ಮ


ಫೆಬ್ರವರಿ 12

ಗುಂಡಾ,

ಕಡ್ಡಿಯಂತಿರುವ ನಿನ್ನನ್ನು ಅಮ್ಮ ಗುಂಡ ಎಂದು ಕರೆದದ್ದಕ್ಕೂ ನೀನು ಸ್ಟೂಲ್ ಹತ್ತಿದ್ದಕ್ಕೂ ಸಮಾಧಾನ ಹೇಳುವವರಿಲ್ಲ. ಅರವತ್ನಾಲ್ಕು ವರ್ಷದವನು ಏಣಿ ತರಿಸಬೇಕಿತ್ತು.

ಉತ್ತರ ತಡವಾಯಿತು. ಕಾಗದ ಬಂದ ದಿನವೇ ಬರೆಯಲು ಕೂತೆ, ಆಗಲಿಲ್ಲ.

ನಾನು ಬರುವಂತಿಲ್ಲ. ಮೊಣಕಾಲು ಎರಡೂ ಹಟ ಹಿಡಿದಿವೆ. ಲಾಂಡ್ರಿಯ ಮೇಲಿನ ಈ ಕೋಣೆಗೆ ಹದಿನೇಳು ಮೆಟ್ಟಿಲು, ದಿನಕ್ಕೊಮ್ಮೆ ಇಳಿದು ಹತ್ತುವಷ್ಟರಲ್ಲಿ ಸಾಕುಸಾಕಾಗುತ್ತದೆ. ಆದ್ದರಿಂದ ಇಲ್ಲಿಂದಲೇ ಹೇಳುತ್ತೇನೆ, ಕೇಳು. ಬೆನ್ನಿಗೆ ದಿಂಬು ಕೊಟ್ಟುಕೊಂಡು ದಿನಕ್ಕೆ ಮೂರು ಸಲ ಕೂರು. ಮಲಗಿದಲ್ಲೇ ಪಾದ ಹಿಂದೆಮುಂದೆ ಆಡಿಸು. ನೀರು ಕುಡಿ. ನಡಿಗೆ ಮೇಷ್ಟ್ರು ಬಂದಾಗ ನಿನ್ನ ತಮಾಷೆ ಮಾತು ನಿಲ್ಲಿಸಿ ಅವರು ಹೇಳಿದ್ದನ್ನು ಮಾಡು.

ಆ ಯಂತ್ರದ ಮೇಲೆ ಅನುಮಾನ ಪಡಬೇಡ. ಅದು ನನ್ನ ಕೈಯಲ್ಲೇ ಕಲಿತದ್ದು ಎಂದರೆ ತಪ್ಪಾಗದು. ಮೂರು ವರ್ಷದ ಹಿಂದೆ ಆಸ್ಪತ್ರೆಯವರು ನನಗೊಂದು ಪತ್ರ ಬರೆದಿದ್ದರು. ಯಂತ್ರಕ್ಕೆ ಕಲಿಸಲು ಎಲ್ಲ ವಾರ್ಡುಗಳ ಹಳೆಯ ದಾಖಲೆ ಪುಸ್ತಕಗಳನ್ನು ಓದಿಸಿದರಂತೆ. ಅದರಲ್ಲಿ ನಮ್ಮ ವಾರ್ಡಿನ ಪುಸ್ತಕಗಳೇ ಎಲ್ಲಕ್ಕಿಂತ ಅಚ್ಚುಕಟ್ಟಾಗಿದ್ದವಂತೆ. ಯಾವ ಮಂಚ, ನೋಡಲು ಯಾರು ಬಂದರು, ಎಷ್ಟು ನೋವು, ಯಾವ ಮಾತ್ರೆ, ಆಮೇಲೆ ಹೇಗಿದ್ದರು, ಒಂದು ಗೆರೆ ಬಿಟ್ಟಿಲ್ಲ. ಆ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದೇನೆ. ಇಲ್ಲಿಗೆ ಯಾರೂ ಬರುವುದಿಲ್ಲ, ನಾನೇ ನೋಡಿಕೊಳ್ಳುತ್ತೇನೆ.

ಅದು ಹೇಳಿದ್ದನ್ನು ನಾನು ಹೇಳಿದೆ ಎಂದುಕೊಂಡು ಕೇಳು.

ಅಕ್ಕ


ಫೆಬ್ರವರಿ 17

ಅಕ್ಕಾ,

ಪಾದ ಆಡಿಸುತ್ತಿದ್ದೇನೆ. ನೀರು ಕುಡಿಯುತ್ತಿದ್ದೇನೆ. ನಿನ್ನ ಯಂತ್ರದ ಬಗ್ಗೆ ಒಂದು ದೂರಿದೆ.

ಅತ್ತೆಯ ಎದೆಯ ಗಾಜಿನಲ್ಲಿ ಎರಡು ಅಂಕಿ ಬೀಳುತ್ತವೆ. ಮೇಲಿನದು ನಾನು ಹೇಳಿದ್ದು, ಕೆಳಗಿನದು ಅದರ ಅಂದಾಜು. ಒಂದು ವಾರದಿಂದ ಸರಿಯಾಗಿ ನಾಲ್ಕು ಗಂಟೆಗೆ ಬರುತ್ತದೆ. ನೋವು ಎಷ್ಟು ಅಂತ ಕೇಳುತ್ತದೆ, ಎರಡು ಎನ್ನುತ್ತೇನೆ, ಇರುವುದೇ ಅಷ್ಟು. ಗಾಜಿನಲ್ಲಿ ಬೀಳುವುದು: ಹೇಳಿದ್ದು ಎರಡು, ಅಂದಾಜು ಆರು. ಜೊತೆಗೆ ಒಂದು ಹಳದಿ ಮಾತ್ರೆ. ಅದನ್ನು ನುಂಗಿದರೆ ಆರೂವರೆಯವರೆಗೆ ನನಗೆ ಪ್ರಪಂಚವಿಲ್ಲ. ನಡಿಗೆ ಮೇಷ್ಟ್ರು ಬಂದು ನೋಡಿ, ಮಲಗಿದ್ದಾರೆ ಎಂದು ಬರೆದು ಹೋಗುತ್ತಾರೆ. ಈ ವಾರ ಒಂದೇ ಒಂದು ದಿನ ನಿಂತಿದ್ದೇನೆ.

ನಿನ್ನೆ ಕೇಳಿಯೇ ಬಿಟ್ಟೆ. "ಎರಡಕ್ಕೆ ಇಷ್ಟು ದೊಡ್ಡ ಮಾತ್ರೆ ಯಾಕೆ?"

"ನಿಮ್ಮಂಥ ರೋಗಿಗಳಿಗೆ ಇದರಿಂದ ತುಂಬಾ ಒಳ್ಳೆಯದಾಗಿದೆ."

"ನನ್ನಂಥವರು ಅಂದ್ರೆ ಎಂಥವರು?"

"ನಿಮಗೆ ಬೇರೆ ಏನಾದರೂ ಬೇಕೆ?" ಎಂದು ಹೊದಿಕೆ ಎಳೆದು ಹೋಯಿತು.

ನರ್ಸಮ್ಮನನ್ನು ಕೇಳಿದರೆ ಡಾಕ್ಟರ ಸಹಿ ಆಗಿದೆ ಎಂದರು. ಡಾಕ್ಟರನ್ನು ನಾವು ಸಹಿ ಡಾಕ್ಟರು ಎನ್ನುತ್ತೇವೆ. ಅತ್ತೆ ಬರೆದದ್ದೆಲ್ಲ ಅವರ ಫೋನಿಗೆ ಹೋಗುತ್ತದೆ. ಅವರು ಮೆಟ್ಟಿಲು ಇಳಿಯುತ್ತ ಹೆಬ್ಬೆರಳಲ್ಲಿ ಒತ್ತಿಬಿಡುತ್ತಾರೆ. ಕೆಟ್ಟವರಲ್ಲ, ಒಬ್ಬರಿಗೆ ನಾಲ್ಕು ವಾರ್ಡು.

ಇನ್ನೂ ಒಂದು. ನಾನು, ಎದುರು ಮಂಚದ ಬಡಗಿ, ಮೂಲೆಯ ಬಸ್ ಡ್ರೈವರು, ಮೂವರಿಗೂ ದಿನಾ ಆರು. ಹನ್ನೊಂದನೇ ಮಂಚದ ಹೆಂಚಿನ ವ್ಯಾಪಾರಿ ಏಳು ಎಂದು ಚೀರುತ್ತಾರೆ, ಅವರಿಗೆ ಮೂರು. ಐದು ಹೆಣ್ಣುಮಕ್ಕಳು ಸುತ್ತ ಕೂತು ಕಾಲೊತ್ತುತ್ತಿದ್ದರೂ ಅವರಿಗೆ ಹಳದಿ ಮಾತ್ರೆ ಸಿಗುವುದಿಲ್ಲ ಎಂದು ಸಂಕಟ. ಎಲ್ಲೋ ಒಂದು ಹಲ್ಲು ಸವೆದಿದೆ ಅಕ್ಕಾ. ಗಡಿಯಾರವಾಗಿದ್ದರೆ ಬಿಚ್ಚಿ ನೋಡುತ್ತಿದ್ದೆ.

ತಮ್ಮ


ಫೆಬ್ರವರಿ 24

ಗುಂಡಾ,

ಏಳು ವರ್ಷದವನಿದ್ದಾಗ ಬಾಗಿಲ ಸಂದಿಗೆ ಬೆರಳು ಸಿಕ್ಕಿ ಉಗುರೇ ಕಿತ್ತುಹೋದಾಗ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಕೂತವನು ನೀನು. ಚಡ್ಡಿಯ ಮೇಲೆ ರಕ್ತ ಕಂಡಾಗಲೇ ಅಮ್ಮನಿಗೆ ಗೊತ್ತಾದದ್ದು. ನಿನ್ನ ಎರಡನ್ನು ಯಾರು ನಂಬುತ್ತಾರೆ? ಯಂತ್ರ ನಿನ್ನ ಮುಖ ನೋಡಿಯೇ ಕಂಡುಹಿಡಿದಿದೆ. ಸಾವಿರಾರು ರೋಗಿಗಳ ವಿಷಯ ಅದರ ಹೊಟ್ಟೆಯಲ್ಲಿದೆ, ಅದರಲ್ಲಿ ನಾನು ಬರೆದದ್ದೇ ಎಷ್ಟೋ.

ನೋವು ತಡೆದುಕೊಂಡರೆ ಮೂಳೆ ಬೇಗ ಕೂಡುವುದಿಲ್ಲ. ನೋವಿಗೆ ಹೆದರಿ ನೀನು ಕಾಲು ಊರುವುದಿಲ್ಲ, ಅಷ್ಟೇ ಆಗುವುದು. ಬಾಯಿ ಮುಚ್ಚಿಕೊಂಡು ಮಾತ್ರೆ ನುಂಗು. ಎಲ್ಲವನ್ನೂ ಬಿಚ್ಚಿ ನೋಡುವ ಚಟ ಅಂಗಡಿಯಲ್ಲಿರಲಿ.

ಅಕ್ಕ


ಮಾರ್ಚ್ 2

ಅಕ್ಕಾ,

ನೀನು ಹೇಳಿದ ಮೇಲೆ ಜಗಳ ಬಿಟ್ಟಿದ್ದೇನೆ. ನುಂಗುತ್ತಿದ್ದೇನೆ. ಈಗ ಬೆಳಗ್ಗೆಯೂ ಒಂದು ಕೊಡುತ್ತಾರೆ. ಹಾಯಾಗಿದೆ. ನಡಿಗೆ ಮೇಷ್ಟ್ರನ್ನು ನೋಡಿ ಬಹಳ ದಿನವಾಯಿತು. ಇನ್ನೇನೋ ಬರೆಯಬೇಕೆಂದಿದ್ದೆ.

ತಮ್ಮ


ಮಾರ್ಚ್ 8

ಗುಂಡಾ,

ಐದು ಸಾಲಿನ ಕಾಗದಕ್ಕೆ ಅಂಚೆಚೀಟಿ ದಂಡ. ನಾನು ಬೈದೆ ಎಂದು ಮುನಿಸಾ, ಅಥವಾ ಬರಲಿಲ್ಲ ಎಂದಾ? ನಿನಗೆ ಬೇಕಾದಷ್ಟು ಜನ ಇದ್ದಾರೆ ಎಂದು ನೀನೇ ಬರೆದಿದ್ದೆ. ಮನಸ್ಸಿನಲ್ಲಿ ಏನಿದ್ದರೂ ನೆಟ್ಟಗೆ ಬರೆ. ಇಂಥ ಸೆಡವಿಗೆಲ್ಲ ನನಗೂ ವಯಸ್ಸಿಲ್ಲ.

ಅಕ್ಕ


ಮಾರ್ಚ್ 2

ಅಕ್ಕಾ,

ನೀನು ಹೇಳಿದ ಮೇಲೆ ಜಗಳ ಬಿಟ್ಟಿದ್ದೇನೆ. ನುಂಗುತ್ತಿದ್ದೇನೆ. ಹಾಯಾಗಿದೆ. ಗೋಡೆ ಗಡಿಯಾರ ಸರಿಯಾಗಿದೆ ಅನಿಸುತ್ತದೆ. ನಾನೇ ಏನೋ ತಪ್ಪು ತಿಳಿದಿದ್ದೆ. ನಡಿಗೆ ಮೇಷ್ಟ್ರನ್ನು ನೋಡಿ ಬಹಳ ದಿನ


ಮಾರ್ಚ್ 16

ಗುಂಡಾ,

ಈ ಕಾಗದವನ್ನು ಬೆಳಗ್ಗೆ ಮಾತ್ರೆ ತರುವ ಮೊದಲು ಓದು. ಎರಡು ಸಲ ಓದು.

ನಿನ್ನ ಎರಡು ಕಾಗದ ನನ್ನ ಮೇಜಿನ ಮೇಲಿವೆ. ಎರಡರಲ್ಲೂ ತಾರೀಕು ಮಾರ್ಚ್ 2. ಒಂದರ ಲಕೋಟೆಯ ಮೇಲಿನ ಅಂಚೆ ಮುದ್ರೆ ಮೂರರದು, ಇನ್ನೊಂದರದು ಹನ್ನೊಂದರದು. ಮೊದಲು ನನಗೆ ಸಿಟ್ಟು ಬಂತು, ಅಣಕಿಸಲು ಒಂದೇ ಕಾಗದ ನಕಲು ಮಾಡಿ ಕಳಿಸಿದ್ದಾನೆ ಎಂದು. ಆಮೇಲೆ ಗಡಿಯಾರದ ಸಾಲು ಓದಿದೆ. ಸರಿಯಾಗಿದೆ ಅನಿಸುತ್ತದೆ ಎಂದು ಬರೆದಿದ್ದೀಯ. ಗಡಿಯಾರದ ವಿಷಯದಲ್ಲಿ ನೀನು ಹುಟ್ಟಿದಂದಿನಿಂದ 'ಅನಿಸುತ್ತದೆ' ಎಂದವನಲ್ಲ. ತಾರೀಕು ತಪ್ಪಿದವನೂ ಅಲ್ಲ. ಆಗ ಹೆದರಿಕೆಯಾಯಿತು.

ನಿನ್ನ ಹಳೆಯ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆ. ಬಡಗಿಗೆ ಆರು, ಬಸ್ ಡ್ರೈವರಿಗೆ ಆರು, ನಿನಗೆ ಆರು. ಒಂದು ದಿನವೂ ಐದಲ್ಲ, ಏಳಲ್ಲ. ಅದೂ ಸರಿಯಾಗಿ ನಾಲ್ಕು ಗಂಟೆಗೆ. ಐದು ಹೆಣ್ಣುಮಕ್ಕಳ ತಂದೆಗೆ ಮಾತ್ರ ಮೂರು. ಇದು ನನಗೆ ಗೊತ್ತಿರುವ ಆರು, ಗುಂಡಾ. ಅದನ್ನು ಹುಟ್ಟಿಸಿದವಳು ನಾನು.

ನಮ್ಮ ವಾರ್ಡಿನಲ್ಲಿ ನರ್ಸು ರೋಗಿಯ ಪಕ್ಕ ಕೂರುವಂತಿರಲಿಲ್ಲ. ಕೂತದ್ದು ಕಂಡರೆ ಮೇಲಿನವರು ಹೆಸರು ಬರೆದುಕೊಳ್ಳುತ್ತಿದ್ದರು. ಒಂದಕ್ಕೆ ಮಾತ್ರ ಅನುಮತಿ. ನೋವು ಆರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಳದಿ ಮಾತ್ರೆ ಕೊಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆ ಪಕ್ಕದಲ್ಲೇ ಕೂತು ಉಸಿರಾಟ ನೋಡಬೇಕು. ನಾಲ್ಕು ಗಂಟೆಗೆ ಬಾಗಿಲು ತೆರೆದರೆ ಎಲ್ಲರ ಮಂಚದ ಹತ್ತಿರ ಜನ. ಒಂದಿಬ್ಬರ ಹತ್ತಿರ ಯಾರೂ ಇಲ್ಲ, ಅವರು ಗೋಡೆಯ ಕಡೆ ತಿರುಗಿ ನಿದ್ದೆ ಬಂದವರಂತೆ ಮಲಗಿರುತ್ತಿದ್ದರು. ಅಂಥವರ ಪುಸ್ತಕದಲ್ಲಿ ನಾವು 'ನೋವು ಆರು, ಹಳದಿ ಮಾತ್ರೆ ಕೊಟ್ಟಿದೆ' ಎಂದು ಬರೆದು, ಮಾತ್ರೆಯನ್ನು ತೊಟ್ಟಿಗೆ ಹಾಕಿ ನೀರು ಬಿಟ್ಟು, ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆವು. ಮಾತಾಡುತ್ತಿದ್ದೆವು. ಕೆಲವರು ಬರೀ ಕೈ ಹಿಡಿದುಕೊಳ್ಳುತ್ತಿದ್ದರು. 'ಐದನೇ ಮಂಚಕ್ಕೆ ಆರು ಹಾಕಿದ್ದೀನಿ ಕಣೇ, ಕೂತು ಬರ್ತೀನಿ' ಎಂದರೆ ಉಳಿದವರಿಗೆ ಅರ್ಥವಾಗುತ್ತಿತ್ತು. ಹನ್ನೊಂದು ವರ್ಷ ಹೀಗೆ ನಡೆಯಿತು. ಅರ್ಧ ಗಂಟೆಯ ನಂತರ ಬರೆಯುತ್ತಿದ್ದೆವು: ರೋಗಿ ಸಮಾಧಾನವಾಗಿದ್ದಾರೆ, ಊಟ ಮಾಡಿದರು, ನಿದ್ದೆ ಚೆನ್ನಾಗಿ ಬಂತು. ಅದಷ್ಟೂ ನಿಜ.

ಯಂತ್ರ ಅದನ್ನೆಲ್ಲ ಓದಿತು. ನೋಡಲು ಯಾರೂ ಬಾರದವರಿಗೆ ನಾಲ್ಕು ಗಂಟೆಗೆ ನೋವು ಆರಾಗುತ್ತದೆ, ಹಳದಿ ಮಾತ್ರೆ ಕೊಟ್ಟರೆ ಬಹಳ ಗುಣವಾಗುತ್ತದೆ ಎಂದು ಕಲಿತುಕೊಂಡಿತು. ನಾವು ಕೊಟ್ಟ ಅರ್ಧ ಗಂಟೆ ಪುಸ್ತಕದಲ್ಲಿ ಇರಲಿಲ್ಲವಲ್ಲ, ಅದಕ್ಕೆ ಹೇಗೆ ತಿಳಿಯಬೇಕು. ಅದನ್ನು ತಂದವರು ಪುಸ್ತಕಗಳನ್ನು ಹೊತ್ತುಕೊಂಡು ಹೋದರು, ಇದರಲ್ಲಿ ಏನು ಬರೆದಿದ್ದೀರಿ ಎಂದು ನಮ್ಮಲ್ಲಿ ಒಬ್ಬಳನ್ನೂ ಕರೆದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೊಗಳಿದ ಪತ್ರಕ್ಕೆ ಚೌಕಟ್ಟು ಹಾಕಿಸಿದೆ. ನೀನು ಸರಿಯಾಗಿ ಕಂಡುಹಿಡಿದು ಬರೆದಾಗ ಬಾಯಿ ಮುಚ್ಚಿಕೊಂಡು ನುಂಗು ಎಂದೆ.

ಮೊದಲ ಆರು ಯಾರಿಗೆ ಹಾಕಿದೆ ಎಂದೂ ಹೇಳುತ್ತೇನೆ. ಅಮ್ಮನಿಗೆ. ಹತ್ತೊಂಬತ್ತು ವರ್ಷದ ಹಿಂದೆ, ಅವಳ ಕೊನೆಯ ಮೂರು ವಾರ. ಅದೇ ಒಂಬತ್ತನೇ ಮಂಚ. ನಿನ್ನ ಮೊದಲ ಕಾಗದಕ್ಕೆ ನಾಲ್ಕೈದು ದಿನ ಉತ್ತರ ಬರೆಯಲಾಗದೆ ಕೂತದ್ದು ಅದಕ್ಕೇ. ನಾನು ಡ್ಯೂಟಿಯಲ್ಲಿದ್ದೆ, ಹೆತ್ತ ತಾಯಿಯ ಪಕ್ಕದಲ್ಲೂ ಕೂರುವಂತಿರಲಿಲ್ಲ. ನಾಲ್ಕು ಗಂಟೆಗೆ ಅವಳು ಬಾಗಿಲು ನೋಡುತ್ತಿದ್ದಳು. "ಗುಂಡ ಬಂದನೇನೇ?" ಎನ್ನುತ್ತಿದ್ದಳು. ನೀನು ಒಂದು ದಿನವೂ ಬರಲಿಲ್ಲ. ಒಂದು ಟೇಬಲ್ ಗಡಿಯಾರ ಕಳಿಸಿದೆ. ಅವಳ ನೋವು ಆರಿರಲಿಲ್ಲ, ಆದರೂ ಆರು ಬರೆದು ಪಕ್ಕದಲ್ಲಿ ಕೂತೆ. ಆಮೇಲೆ ನಿನ್ನ ಜೊತೆ ಮಾತಾಡಿದ್ದೇನೆ, ಕಾಗದ ಬರೆದಿದ್ದೇನೆ, ಕ್ಷಮಿಸಿರಲಿಲ್ಲ.

ಈಗ ನೀನೂ ಒಂದು ನಿಜ ಹೇಳಬೇಕಾಗಿಲ್ಲ, ಯಂತ್ರವೇ ಹೇಳಿತು. ನಿನ್ನನ್ನು ನೋಡಲು ಯಾರೂ ಬರುತ್ತಿಲ್ಲ.

ಕೆಳಗಿನ ಲಾಂಡ್ರಿಯವಳಿಂದ ಆಸ್ಪತ್ರೆಗೆ ಫೋನ್ ಮಾಡಿಸಿದೆ. ಬರವಣಿಗೆಯಲ್ಲಿ ಕೊಡಿ ಎಂದರಂತೆ. ಇವತ್ತೇ ಬರೆದು ಕಳಿಸಿದ್ದೇನೆ, ನನ್ನ ಹೆಸರಿನಲ್ಲಿ ಮಾತ್ರ. ನೀನು ಸಹಿ ಡಾಕ್ಟರನ್ನು ಮಂಚದ ಹತ್ತಿರ ಕರೆಸು. ನನ್ನ ಮುಖ ನೋಡಿ ಆಮೇಲೆ ಸಹಿ ಹಾಕಿ ಎನ್ನು. ಒಮ್ಮೆಲೇ ನಿಲ್ಲಿಸಿದರೆ ತೊಂದರೆ, ಸ್ವಲ್ಪಸ್ವಲ್ಪವೇ ಇಳಿಸಲು ಹೇಳು. ಮಾರ್ಚ್ ಮುಗಿಯಲು ಹದಿನೈದು ದಿನವಿದೆ.

ಅಕ್ಕ


ಮಾರ್ಚ್ 21

ಅಕ್ಕಾ,

ತಾರೀಕನ್ನು ನರ್ಸಮ್ಮನಿಗೆ ಕೇಳಿ ಬರೆದಿದ್ದೇನೆ, ನಂಬು.

ನಿನ್ನ ಕಾಗದ ಓದಿ ನರ್ಸಮ್ಮನನ್ನು ಕೇಳಿದೆ. "ಈ ಮಾತ್ರೆ ನಂಗೆ ಬೇಡ ಅನ್ನಬಹುದಾ?"

"ಅನ್ನಬಹುದಲ್ಲ. ಅದರ ಎದೆ ಮೇಲೇ ಒಂದು ಗುಂಡಿ ಇದೆ, ಬೇಡ ಅಂತ. ಇಷ್ಟು ದಿನ ಯಾರೂ ಒತ್ತಿಲ್ಲ."

"ಇದೆ ಅಂತ ಯಾರಾದ್ರೂ ಹೇಳಿದ್ರಾ?"

"ನಂಗೂ ಹೇಳಬೇಕು ಅಂತ ಹೊಳೀಲಿಲ್ಲ" ಎಂದರು.

ಒತ್ತಿದೆ. ಸಹಿ ಡಾಕ್ಟರು ಮೊದಲ ಸಲ ನನ್ನ ಮಂಚದ ಹತ್ತಿರ ಬಂದು ನಿಂತರು. ಕಾಲು ಎತ್ತಿಸಿದರು, ಸೊಂಟ ಮುಟ್ಟಿದರು, ನನ್ನ ಎರಡನ್ನು ನಂಬಿದರು. ಬೆಳಗಿನದು ನಿಂತಿದೆ, ಸಂಜೆಯದು ಅರ್ಧವಾಗಿದೆ. ನಾಡಿದ್ದಿನಿಂದ ಅದೂ ಇಲ್ಲ. ಮೊನ್ನೆ ಒಂದು ನಿಮಿಷ ನಿಂತೆ, ನಿನ್ನೆ ಎರಡು. ಕಾಲು ಬೇರೆಯವರದ್ದೆಂಬಂತೆ ನಡುಗುತ್ತದೆ. ಗೋಡೆ ಗಡಿಯಾರ ಈಗ ಐದು ನಿಮಿಷ ಹಿಂದಿದೆ.

ಔಷಧಿಯವನು ಒಂದು ಸಲ ಬಂದಿದ್ದ, ಆಪರೇಷನ್ ದಿನ. ಗಿರಾಕಿಗಳು ಯಾರೂ ಬಂದಿಲ್ಲ. ಅವರಿಗೆ ನನ್ನ ಅಂಗಡಿ ಮುಚ್ಚಿದೆ ಎಂದು ಗೊತ್ತು, ಯಾಕೆ ಎಂದು ಗೊತ್ತಿಲ್ಲ. ಜನ ಬರುತ್ತಾರೆ ಎಂದು ನಿನಗೆ ಬರೆದದ್ದು, ನೀನು ಪಾಪ ಎಂದುಕೊಂಡು ಬರುವುದು ಬೇಡ ಎಂದು. ಬರಲಿ ಎಂದೇ ಇತ್ತು.

ಅಮ್ಮನ ವಿಷಯ. ನಾನು ಬಂದಿದ್ದೆ ಅಕ್ಕಾ. ಹನ್ನೊಂದು ದಿನ ಬಂದೆ. ನಾಲ್ಕು ಗಂಟೆಗೆ ಕೆಳಗೆ ಮೆಟ್ಟಿಲ ಬುಡದ ಬೆಂಚಿನವರೆಗೆ ಬರುತ್ತಿದ್ದೆ, ಆರಕ್ಕೆ ಎದ್ದು ಹೋಗುತ್ತಿದ್ದೆ. ಮೇಲೆ ಹತ್ತಿದರೆ ಅವಳು ಸಾಯುವುದು ಕಾಣುತ್ತದೆ ಎಂಬ ಹೆದರಿಕೆ, ಇನ್ನೇನಿಲ್ಲ. ಎರಡು ಮಹಡಿ ಹತ್ತಲಾರದೆ ಹೋದವನಿಗೆ ಈಗ ಎರಡು ಮಹಡಿ ಇಳಿಯಲಾಗುತ್ತಿಲ್ಲ. ಇದನ್ನು ನಿನಗೆ ಹೇಳಲು ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಬಾಯಿ ಬರಲಿಲ್ಲ. ಅವಳು ಬಾಗಿಲು ನೋಡುತ್ತಿದ್ದಳು ಎಂದು ನಿನ್ನ ಕಾಗದದಿಂದ ಗೊತ್ತಾಯಿತು. ಇದೇ ಮಂಚದಿಂದ ಬಾಗಿಲು ಎಷ್ಟು ಚೆನ್ನಾಗಿ ಕಾಣುತ್ತದೆ ಎಂದೂ ಗೊತ್ತು.

ಎಚ್ಚರವಾಗಿದ್ದರೆ ನಾಲ್ಕರಿಂದ ಆರು ಬಹಳ ಉದ್ದ. ಬಡಗಿಗೂ ಗುಂಡಿಯ ವಿಷಯ ಹೇಳಿದೆ. ಅವರು ಮಾತಾಡುವುದೇ ಕಡಿಮೆ. "ಒತ್ತಿದ್ರೆ ಎಚ್ಚರ ಇರಬೇಕಲ್ಲಪ್ಪ. ಎಚ್ಚರ ಇದ್ದು ಯಾರ ದಾರಿ ಕಾಯಲಿ?" ಎಂದು ಬಟ್ಟಲು ಎತ್ತಿ ನುಂಗಿದರು. ಅವರಿಗೂ ಈ ತಿಂಗಳೇ ಗಡುವು.

ತಮ್ಮ


ಮಾರ್ಚ್ 26

ಗುಂಡಾ,

ಆಸ್ಪತ್ರೆಯವರ ಉತ್ತರ ಬಂತು. ನಾಲ್ಕು ಜನರ ಸಮಿತಿ ಕೂರುತ್ತದಂತೆ. ಹಳೆಯ ಪುಸ್ತಕಗಳನ್ನು ನಾನೇ ಪಕ್ಕದಲ್ಲಿ ಕೂತು ಯಾವ ಆರು ನಿಜ, ಯಾವುದು ಅಲ್ಲ ಎಂದು ಗುರುತು ಹಾಕಿಕೊಡಬೇಕಂತೆ. ಯಂತ್ರಕ್ಕೆ ಮತ್ತೆ ಕಲಿಸಲು ಮೂರು ತಿಂಗಳು. ಅಲ್ಲಿಯವರೆಗೆ ಹಳದಿ ಮಾತ್ರೆಗೆ ಡಾಕ್ಟರು ಬಂದು ನೋಡಿಯೇ ಸಹಿ ಹಾಕಬೇಕು ಎಂದು ಆಜ್ಞೆ ಮಾಡಿದ್ದಾರೆ, ಏಪ್ರಿಲ್ ಐದರಿಂದ. ಐದರವರೆಗೆ ಯಾಕೆ ಕಾಯಬೇಕು ಎಂದು ಕೇಳಿ ಇನ್ನೊಂದು ಕಾಗದ ಹಾಕಿದ್ದೇನೆ. ನನ್ನ ಮೇಲೆ ಏನು ಕ್ರಮ ಎಂದು ಆಮೇಲೆ ತಿಳಿಸುತ್ತಾರಂತೆ, ತಿಳಿಸಲಿ. ನನ್ನ ಜೊತೆಗಿದ್ದ ಒಬ್ಬಳು ಕಾಗದ ಬರೆದು, ಈ ವಯಸ್ಸಿನಲ್ಲಿ ಎಲ್ಲರ ಮರ್ಯಾದೆ ಬೀದಿಗೆ ತಂದೆ ಎಂದು ಬೈದಿದ್ದಾಳೆ. ಇಷ್ಟು ವರ್ಷದಲ್ಲಿ ನನಗೆ ಕಾಗದ ಬರೆಯುತ್ತಿದ್ದದ್ದು ನೀನು ಬಿಟ್ಟರೆ ಅವಳೊಬ್ಬಳೇ. ಚೌಕಟ್ಟನ್ನು ಗೋಡೆಯಿಂದ ಇಳಿಸಿದೆ.

ಆ ಬೆಂಚು ನನಗೆ ಗೊತ್ತು. ಡ್ಯೂಟಿ ಮುಗಿಸಿ ಆರೂಕಾಲಿಗೆ ಅದರ ಮುಂದೆಯೇ ಹಾದುಹೋಗುತ್ತಿದ್ದೆ. ಹದಿನೈದು ನಿಮಿಷ ಹೆಚ್ಚು ಕೂತಿದ್ದರೆ ಕೈ ಹಿಡಿದು ಮೇಲೆ ಎಳೆದುಕೊಂಡು ಹೋಗುತ್ತಿದ್ದೆನಲ್ಲೋ.

ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ನಾಡಿದ್ದು ಅಲ್ಲ ಆಚೆ ನಾಡಿದ್ದು ರೈಲು ಹತ್ತುತ್ತೇನೆ. ಮೂವತ್ತೊಂದಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುತ್ತೇನೆ. ನಿಂತೇ ಕಾಯಬೇಕೆಂದಿಲ್ಲ, ಎಚ್ಚರವಾಗಿದ್ದರೆ ಸಾಕು.

ಅಕ್ಕ


ಮಾರ್ಚ್ 31, ಐದು ಗಂಟೆ ಹತ್ತು ನಿಮಿಷ (ಗೋಡೆಯ ಲೆಕ್ಕದಲ್ಲಿ ಐದು ಗಂಟೆ ಐದು)

ಅಕ್ಕಾ,

ನೀನು ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದೀಯ. ಎರಡು ದಿನದ ರೈಲು, ಎಬ್ಬಿಸಲು ಮನಸ್ಸಿಲ್ಲ. ಎಚ್ಚರವಾಗಿದ್ದಾಗ ಹೇಳಿದರೆ ನಿನ್ನ ಕಿವಿಗೆ ಕೂಗಿ ಹೇಳಬೇಕು, ಇದು ಎದುರಿನವರಿಗೆ ಕೇಳಬಾರದು. ಅದಕ್ಕೇ ಬರೆದು ನಿನ್ನ ಚೀಲದ ಮೇಲೆ ಇಡುತ್ತಿದ್ದೇನೆ.

ಆರು ಹೆಜ್ಜೆ ಹಾಕಿದ್ದನ್ನು ನೀನೇ ನೋಡಿದೆ. ಮೇಷ್ಟ್ರು ಕಾಗದದಲ್ಲಿ 'ಮನೆಗೆ' ಎಂದು ಬರೆದದ್ದನ್ನೂ ನೋಡಿದೆ. ಆಮೇಲೆ ನಿನಗೆ ಕಣ್ಣು ಹತ್ತಿತು. ಇವತ್ತು ಅತ್ತೆಗೆ ಕೆಳಗಿನ ವಾರ್ಡಿನಲ್ಲಿ ತಡವಾಯಿತಂತೆ, ಐದಕ್ಕೆ ಬಂತು. ನೋವು ಎಷ್ಟು ಎಂದು ಕೇಳಿತು, ಎರಡು ಎಂದೆ. ಹೇಳಿದ್ದು ಎರಡು, ಅಂದಾಜು ಎರಡು. ನನಗೆ ಎಷ್ಟು ಸಂತೋಷವಾಯಿತೆಂದರೆ ನರ್ಸಮ್ಮನನ್ನು ಕರೆದು, ಸರಿಮಾಡಿಬಿಟ್ಟರಾ ಎಂದು ಕೇಳಿದೆ.

"ಇನ್ನೂ ಯಾರೂ ಅದನ್ನ ಮುಟ್ಟೇ ಇಲ್ಲ. ಕುರ್ಚೀಲಿ ಅಕ್ಕ ಕೂತಿದ್ದಾರಲ್ಲ, ಅದನ್ನ ನೋಡ್ತು ಅಷ್ಟೇ" ಎಂದರು.

ಅಲ್ಲಿಂದ ಅದು ಎದುರು ಮಂಚಕ್ಕೆ ಹೋಯಿತು. ಬಡಗಿ ಮೂರು ಎಂದರು. ಅಂದಾಜು ಆರು. ಡಾಕ್ಟರು ಬಂದು ನೋಡುವ ಆಜ್ಞೆ ಐದನೇ ತಾರೀಕಿನಿಂದಲ್ಲವೇ, ಫೋನಿನಲ್ಲೇ ಸಹಿ ಬಂತು. ಅವರು ಗುಂಡಿಯನ್ನೂ ನೋಡಿದರು, ನಿನ್ನನ್ನೂ ನೋಡಿದರು. ನಂತರ ಬಟ್ಟಲು ಎತ್ತಿ ನುಂಗಿ ಗೋಡೆಯ ಕಡೆ ತಿರುಗಿದರು. ಮೇಷ್ಟ್ರು ಅವರಿಗೆ ಇನ್ನೊಂದು ವಾರ ಕೊಟ್ಟಿದ್ದಾರೆ, ಅಷ್ಟೇ. ಅಮ್ಮ ಹೇಗೆ ಮಲಗಿರುತ್ತಿದ್ದಳು ಎಂದು ನಾನು ನೋಡಲಿಲ್ಲ. ಇವರನ್ನು ದಿನಾ ನೋಡುತ್ತಿದ್ದೇನೆ.

ನನ್ನನ್ನು ಮನೆಗೆ ಕಳಿಸುವುದು ಶುಕ್ರವಾರವಂತೆ, ಅಲ್ಲಿಯವರೆಗೆ ನಾನು ಇಲ್ಲೇ ಇರುತ್ತೇನೆ, ನೀನೂ ಇರುತ್ತೀಯ. ನಾಳೆ ನಾಲ್ಕಕ್ಕೆ ಬಾಗಿಲು ತೆರೆದ ಕೂಡಲೇ, ಅತ್ತೆ ಬರುವ ಮೊದಲೇ, ಈ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅವರ ಪಕ್ಕ ಹಾಕಿಕೊಂಡು ಕೂತುಕೋ. ಮರದ ವಿಷಯ ಕೇಳು, ಮಾತಾಡುತ್ತಾರೆ. ನನಗೆ ಆರು ಬಿದ್ದರೆ ಬೀಳಲಿ, ಗುಂಡಿ ಎಲ್ಲಿದೆ ಎಂದು ನನಗೆ ಗೊತ್ತು. ಇಲ್ಲಿಂದ ನೀವಿಬ್ಬರೂ ಕಾಣುತ್ತೀರಿ.

ನನ್ನದು ಎರಡೇ ಅಕ್ಕಾ. ಈ ಸಲ ನಂಬು.

ಗುಂಡ